ತೂತು ಹೊಡೆಯದೆ ಕಟ್ಟಿದ ಕಂಪ್ಯೂಟರ್

ಹಳೆಯ ರೇಡಿಯೋದ ಮರದ ಮೇಲೆ ಅಂಟಿಸಿದ್ದ ಹೊಳಪಿನ ತೆಳುಹಾಳೆ ಎದ್ದು ಬರಬಹುದಿತ್ತು. ಸ್ಟೇಷನ್‌ಗಳ ಹೆಸರಿದ್ದ ಗಾಜು ಭದ್ರಾವತಿ ರಸ್ತೆಯ ಯಾವುದಾದರೊಂದು ಹಂಪ್‌ನಲ್ಲಿ ಬಿರಿಯಬಹುದಿತ್ತು. ಪೆಟ್ಟಿಗೆಗೆ ಮೊದಲೇ ಗೆದ್ದಲು ಹಿಡಿದಿರಬಹುದಿತ್ತು. ಹಿಡಿದಿರದಿದ್ದರೆ ನನ್ನ ಅಂಗಡಿಗೆ ಬಂದ ಮೇಲೆ ಹಿಡಿಯಬಹುದಿತ್ತು, ಆಗ ಅದು ನನ್ನ ಗೆದ್ದಲಾಗುತ್ತಿತ್ತು. ಕರೆಂಟು ಹೋಗಿ ಬರುವ ರಭಸಕ್ಕೆ ಮದರ್‌ಬೋರ್ಡ್ ಸುಡಬಹುದಿತ್ತು. ಮರದೊಳಗೆ ಬಿಸಿ ಕೂಡಿಕೊಂಡು ಹೊಗೆಯಾಡಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಪೆಟ್ಟಿಗೆಯ ಒಡತಿಗೆ ಎಂಬತ್ತು ದಾಟಿತ್ತು, ಕೆಲಸ ಮುಗಿಯುವ ಮೊದಲೇ ಅವರಿಗೆ ಏನಾದರೂ ಆಗಬಹುದಿತ್ತು. ಅವರು ನನಗಿಂತ ಗಟ್ಟಿಯಾಗಿದ್ದಾರೆಂದು ಕಣ್ಣಾರೆ ಕಂಡ ಮೇಲೆ, ನನಗೇ ಏನಾದರೂ ಆಗಬಹುದಿತ್ತು. ಆಗ ಬಿಚ್ಚಿ ಹರವಿಟ್ಟ ರೇಡಿಯೋವನ್ನು ಯಾರು ಜೋಡಿಸುತ್ತಾರೆ?

ಇಷ್ಟನ್ನೂ ನಾನು ಒಂದೇ ಒಂದು ಸ್ಕ್ರೂ ಬಿಚ್ಚುವ ಮೊದಲು ಯೋಚಿಸಿ ಮುಗಿಸಿದ್ದೆ. ನನ್ನ ಹೆಂಡತಿ ಹೇಳುವಂತೆ, ಚಿಂತೆ ಮಾಡಲು ಏನೂ ಇಲ್ಲದಿದ್ದರೆ ನನಗೆ ಅದೇ ದೊಡ್ಡ ಚಿಂತೆ. ಈ ಆಪತ್ತುಗಳಲ್ಲಿ ಕೆಲವು ಹತ್ತಿರ ಬಂದು ಮುಖ ತೋರಿಸಿ ಹೋದವು. ಒಂದೂ ಒಳಗೆ ಬಂದು ಕೂರಲಿಲ್ಲ. ಬಂದು ಕೂತದ್ದು ಬೇರೆ.

ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಕಂಪ್ಯೂಟರ್ ಜೋಡಿಸಿಕೊಡುತ್ತೇನೆ, ಕೆಟ್ಟರೆ ರಿಪೇರಿ ಮಾಡುತ್ತೇನೆ. ಅಲ್ಲಿಗೆ ಭದ್ರಾವತಿಯಿಂದ ಒಬ್ಬ ಮೇಡಂ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು. ಮನೆಗೆ ಬಂದ ಮೇಲೆ ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಜೋರಾಗಿ ಓದಿ, ರೆಕಾರ್ಡ್ ಮಾಡಿ, ಫೋನಿಗೆ ಕಳಿಸುತ್ತಿದ್ದರು. ಅವರ ಕಷ್ಟ ಶಬ್ದದ್ದು.

“ಒಬ್ಬಳು ಹುಡುಗಿ ಕೇಳ್ತಾಳೆ ಸಾರ್, ಮೇಡಂ ನಿಮ್ಮ ಮನೆ ಪಕ್ಕ ಹಿಟ್ಟಿನ ಗಿರಣಿ ಇದ್ಯಾ ಅಂತ. ಕಂಪ್ಯೂಟರ್ ಫ್ಯಾನು ಕಣೇ ಅಂದೆ.”

“ಫ್ಯಾನು ಬದಲಾಯಿಸ್ಬಹುದಲ್ಲ ಮೇಡಂ.”

“ಬದಲಾಯಿಸಿದ್ದಾಯ್ತು. ಗಿರಣಿ ಒಂದು ಓಣಿ ಆಚೆ ಹೋಯ್ತು, ಅಷ್ಟೆ.”

ಪರೀಕ್ಷೆ ಹತ್ತಿರ ಬರುತ್ತಿತ್ತು. ಅರ್ಧ ಪುಸ್ತಕ ಬಾಕಿ ಇತ್ತು. ಶಬ್ದ ತೆಗೆಯುವ ಸಾಫ್ಟ್‌ವೇರ್ ಹಾಕಿ ತೊಳೆದರೆ ಗಿರಣಿಯ ಜೊತೆಗೆ ಅವರ ದನಿಯಲ್ಲಿದ್ದ ಸಕಾರ ಶಕಾರಗಳೂ ತೊಳೆದುಹೋಗುತ್ತಿದ್ದವು. “ಪುಸ್ತಕ ಆ ಮಕ್ಕಳ ಕೈಯಲ್ಲೇ ಇದೆ ಸಾರ್. ನಾನು ಸರಿಯಾಗಿ ಓದಿ ಕೊಡದಿದ್ರೆ ಅದು ಬರೀ ಭಾರ” ಅಂದರು. ಆ ಮಾತು ನನಗೆ ತಾಗಿತು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. “ಅಂದ ಹಾಗೆ, ನೀವು ಕಟ್ಟೋ ಸದ್ದಿಲ್ಲದ ಕಂಪ್ಯೂಟರನ್ನ ಒಂದು ಹಳೇ ರೇಡಿಯೋ ಒಳಗೆ ಕೂರಿಸ್ಬೇಕು.”

ಮನೆ ನೋಡಿದ ಮೇಲೆ ಯಾಕೆಂದು ಅರ್ಥವಾಯಿತು. ಕಾಗದನಗರದ ಹಳೆಯ ಕ್ವಾರ್ಟರ್ಸ್. ಓದಲು ಸದ್ದಿಲ್ಲದ ಕೋಣೆ ಅಂತ ಇದ್ದದ್ದು ಒಂದೇ, ಅದೂ ಸಣ್ಣದು. ಮೈಕಿನಿಂದ ಆದಷ್ಟೂ ದೂರ ಯಂತ್ರ ಇಡಬೇಕೆಂದರೆ ಎದುರು ಗೋಡೆಯ ಹಲಗೆಯೊಂದೇ ಜಾಗ. ಆ ಹಲಗೆಯ ಮೇಲೆ ಮೇಡಂ ಅವರ ತಂದೆ ಕೊಂಡಿದ್ದ ವಾಲ್ವ್ ರೇಡಿಯೋ ಕೂತಿತ್ತು. ತಂದೆ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಈಗಿಲ್ಲ. ರೇಡಿಯೋ ಹಾಡು ನಿಲ್ಲಿಸಿ ಬಹಳ ಕಾಲವಾಗಿತ್ತು. ಅದನ್ನು ಹಲಗೆಯಿಂದ ಇಳಿಸಲು ಮೇಡಂ ಅವರ ಅಮ್ಮ ಒಪ್ಪುತ್ತಿರಲಿಲ್ಲ. ಒಳಗೆ ಏನಾದರೂ ಇಟ್ಟುಕೊಳ್ಳಲು ಒಪ್ಪಿದ್ದರು, ಷರತ್ತಿನ ಮೇಲೆ.

ಅಮ್ಮ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ನೀನೇನಪ್ಪ ಬಿಚ್ಚೋನು?”

“ಹೌದಮ್ಮ.”

“ಬಿಚ್ಚೋದು ಎಲ್ಲರಿಗೂ ಬರುತ್ತೆ. ಕೇಳು. ಪೆಟ್ಟಿಗೆಗೆ ಒಂದು ತೂತು ಹೊಡೀಬಾರದು. ಗುಂಡಿ ತಿರುಗಿಸಿದ್ರೆ ಟಕ್ ಅಂತ ಹತ್ತಬೇಕು, ಮುಂಚಿನ ಹಾಗೆ. ಆಮೇಲೆ ಆ ಬಾಯಿ ಅಲ್ಲೇ ಇರ್ಲಿ.”

ಬಾಯಿ ಅಂದರೆ ರೇಡಿಯೋದ ಮುಂಬದಿಯ ಬಟ್ಟೆಯ ಹಿಂದಿನ ದೊಡ್ಡ ಸ್ಪೀಕರ್. ಮಗಳು ಓದಿದ್ದು ಆ ರೇಡಿಯೋದಿಂದಲೇ ಕೇಳಬೇಕೆಂಬುದು ಅವರ ಆಸೆ. ನಾನು ಮೂರಕ್ಕೂ ಹೂಂ ಅಂದೆ. ಚಿಂತೆಯ ಮನುಷ್ಯನ ಲಕ್ಷಣವೇ ಅದು: ಮೊದಲು ಒಪ್ಪಿಕೊಂಡುಬಿಡುವುದು, ಚಿಂತೆಯನ್ನು ಆಮೇಲೆ ಬಿಡುವಾಗಿ ಮಾಡುವುದು.

ರೇಡಿಯೋವನ್ನು ರಜಾಯಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ ಶಿವಮೊಗ್ಗಕ್ಕೆ ತಂದೆ. ಹಿಂದಿನಿಂದ ಬಂದ ಬಸ್ಸುಗಳೆಲ್ಲ ಹಾರನ್ ಹೊಡೆದು ಬೈದು ಮುಂದೆ ಹೋದವು.

ಬಿಚ್ಚುವ ಕೆಲಸ ಸಲೀಸಾಗಿ ಆಯಿತು. ಹಿಂಬದಿಗೆ ಗಟ್ಟಿರಟ್ಟಿನಂಥ ಒಂದು ಹಲಗೆ, ಅದರ ತುಂಬ ಬೆರಳಗಲದ ಸೀಳುಗಳು. ಆ ಕಾಲದ ವಾಲ್ವ್‌ಗಳು ಬಲ್ಬಿನಂತೆ ಕಾಯುತ್ತಿದ್ದವು, ಅವುಗಳ ಬಿಸಿ ಹೊರಹೋಗಲು ಮಾಡಿದ ದಾರಿ ಅದು. ನನಗೆ ಒಳ್ಳೆಯದೇ ಆಯಿತು ಅಂದುಕೊಂಡೆ. ವಾಲ್ವ್‌ಗಳನ್ನು ಹೊತ್ತಿದ್ದ ಒಳಗಿನ ಕಬ್ಬಿಣದ ಚಾಸಿ ಅಡಿಯಿಂದ ನಾಲ್ಕು ಬೋಲ್ಟುಗಳಲ್ಲಿ ನಿಂತಿತ್ತು. ಅದನ್ನು ಹೊರಗೆಳೆದು, ವಾಲ್ವ್‌ಗಳ ಸಮೇತ ಬಟ್ಟೆಯಲ್ಲಿ ಸುತ್ತಿಟ್ಟೆ. ಅದೇ ಅಳತೆಗೆ ಅಲ್ಯೂಮಿನಿಯಂ ಶೀಟು ಕತ್ತರಿಸಿ, ಅದೇ ನಾಲ್ಕು ಬೋಲ್ಟುಗಳಿಗೆ ಹೊಂದಿಸಿದೆ. ಮದರ್‌ಬೋರ್ಡ್‌ಗೆ ಬೇಕಾದ ತೂತುಗಳೆಲ್ಲ ಆ ಶೀಟಿಗೆ, ಮರಕ್ಕೆ ಒಂದೂ ಇಲ್ಲ. ಬೋರ್ಡು ಗೇಣಿಗಿಂತ ಕಡಿಮೆ ಉದ್ದ ಅಗಲದ್ದು. ತಿರುಗುವ ಹಾರ್ಡ್ ಡಿಸ್ಕ್ ಬೇಡವೆಂದು ಸದ್ದಿಲ್ಲದ ಎಸ್‌ಎಸ್‌ಡಿ ಹಾಕಿದೆ. ವಿದ್ಯುತ್ತಿಗೆ ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರ್ ಇಟ್ಟೆ, ಅದರ ಬಿಸಿಯಾದರೂ ಹೊರಗಿರಲಿ ಎಂದು. ಅದರ ವೈರು ರೇಡಿಯೋದ ಹಳೆಯ ವೈರು ಹೊರಬರುತ್ತಿದ್ದ ಕಂಡಿಯಲ್ಲೇ ಒಳಗೆ ಹೋಯಿತು.

ಮೊದಲ ಕಿರಿಕಿರಿ ಆ ಟಕ್‌ನದು. ಕಂಪ್ಯೂಟರಿನ ಗುಂಡಿ ಬಾಗಿಲಿನ ಕರೆಗಂಟೆಯ ಹಾಗೆ, ಒತ್ತಿ ಬಿಡಬೇಕು. ರೇಡಿಯೋದ್ದು ದೀಪದ ಸ್ವಿಚ್ಚಿನ ಹಾಗೆ, ತಿರುಗಿಸಿದರೆ ತಿರುಗಿಸಿದ ಕಡೆಗೇ ನಿಲ್ಲುತ್ತದೆ. ಎರಡನ್ನೂ ನೇರ ಜೋಡಿಸಿದಾಗ ಕಂಪ್ಯೂಟರ್ ಹತ್ತಿತು, ನಾನು ಹಿಗ್ಗಿದೆ, ಅಷ್ಟರಲ್ಲಿ ಆರಿತು. ಯಾರೋ ಗುಂಡಿ ಅದುಮಿ ಹಿಡಿದಿದ್ದಾರೆ, ಬಲವಂತವಾಗಿ ಆರಿಸಲು ಹೇಳುತ್ತಿದ್ದಾರೆ ಅಂತ ಅದು ತಿಳಿಯುತ್ತಿತ್ತು. ಅದರ ತಪ್ಪಲ್ಲ. ನಡುವೆ ಒಂದು ಕೆಪಾಸಿಟರ್, ಅದರ ಬೆನ್ನಿಗೊಂದು ರೆಸಿಸ್ಟರ್ ಕೂರಿಸಿದೆ. ಈಗ ಗುಂಡಿ ತಿರುಗಿಸಿದರೆ ಒಂದು ಚಿಟಿಕೆ ಹೊತ್ತು ಮಾತ್ರ ಸಂಕೇತ ಹೋಗಿ ನಿಲ್ಲುತ್ತದೆ. ಕೆಪಾಸಿಟರಿನ ಅಳತೆ ಸಿಗುವವರೆಗೆ ಅದು ಒಮ್ಮೆ ಹತ್ತದೆ, ಒಮ್ಮೆ ಹತ್ತಿ ಆರಿ, ನನ್ನನ್ನು ಆಡಿಸಿತು. ಆರಿಸುವುದು ಮಾತ್ರ ಪರದೆಯಿಂದಲೇ, ಆಮೇಲೆ ಗುಂಡಿ ಹಿಂದಕ್ಕೆ ತಿರುಗಿಸಿಡಬೇಕು. ಅಮ್ಮ ಹೇಳಿದ್ದು ಹತ್ತಬೇಕು ಅಂತ, ಆರಬೇಕು ಅಂತ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೆಯದು ಬಿಸಿ. ಹಿಂಬದಿ ತೆರೆದಿಟ್ಟಾಗ ಎಲ್ಲ ಸುಖ. ಹಲಗೆ ಮುಚ್ಚಿ, ಮೇಡಂ ಬಳಸುವ ಸಾಫ್ಟ್‌ವೇರನ್ನೇ ಓಡಿಸಿ, ಕುರ್ಚಿ ಎಳೆದುಕೊಂಡು ಕೂತೆ. ಪ್ರೊಸೆಸರಿನ ಉಷ್ಣ ಅರವತ್ತು, ಎಪ್ಪತ್ತು ದಾಟಿ ತೊಂಬತ್ತು ಡಿಗ್ರಿಯ ಮೇಲೆ ಹೋಗಿ ಯಂತ್ರ ತೆವಳತೊಡಗಿತು. ಫ್ಯಾನಿನ ವೇಗ ಏರಿಸಿದರೆ ಉಷ್ಣ ಇಳಿಯಿತು, ಗಿರಣಿ ಶುರುವಾಯಿತು. ನಿಧಾನ ಮಾಡಿದರೆ ಗಿರಣಿ ನಿಂತಿತು, ಮರದ ಮೇಲ್ಭಾಗ ಕೈಗೆ ಬೆಚ್ಚಗಾಯಿತು. ಗಂಜಿ ತುಂಬಿದ ಪಾತ್ರೆ ಮುಟ್ಟಿದ ಹಾಗೆ.

ಮನೆಯಿಂದ ಊದುಬತ್ತಿ ತಂದೆ. ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಲು ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಫ್ಯಾನಿದ್ದದ್ದು ಹಿಂಬದಿಯ ಕೆಳಮೂಲೆಯಲ್ಲಿ. ಅಲ್ಲಿಯ ಸೀಳಿಗೆ ಹಿಡಿದರೆ ಹೊಗೆ ಒಳಗೆ ಹೋಯಿತು. ಹೋಗಿ, ಒಳಗೊಂದು ಸುತ್ತು ಹಾಕಿ, ಅದೇ ಹಲಗೆಯ ಮೇಲ್ಭಾಗದ ಸೀಳಿನಿಂದ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಮುಂಬದಿಯ ಬಟ್ಟೆಯ ಹತ್ತಿರ ಎಳೆಯಷ್ಟೂ ಅಲುಗಾಟವಿಲ್ಲ. ಬಿಸಿ ಗಾಳಿಯನ್ನೇ ಯಂತ್ರ ಮತ್ತೆ ಮತ್ತೆ ಕುಡಿಯುತ್ತಿತ್ತು. ಮುಂದಿನಿಂದ ಹೊರಹೋಗದಂತೆ ತಡೆದದ್ದು ಸ್ಪೀಕರ್. ಆ ಬಾಯಿ.

ದಾರಿ ಎರಡಿದ್ದವು. ಬಾಯಿ ತೆಗೆಯುವುದು ಒಂದು. ಇನ್ನೊಂದು, ಪೆಟ್ಟಿಗೆಯ ಅಡಿಗೆ ಒಂದಷ್ಟು ತೂತು ಹೊಡೆಯುವುದು. ಅಡಿ ಯಾರಿಗೂ ಕಾಣುವುದಿಲ್ಲ. ಗೋಡೆಯ ಹಲಗೆಯ ಮೇಲೆ ಕೂತ ಮೇಲೆ ಆ ಅಮ್ಮ ಮಗಳಿರಲಿ, ಇಲಿಗೂ ಕಾಣುವುದಿಲ್ಲ. ಪೆಟ್ಟಿಗೆಯನ್ನು ರಜಾಯಿಯ ಮೇಲೆ ಬೋರಲು ಹಾಕಿದೆ. ಪೆನ್ಸಿಲ್‌ನಲ್ಲಿ ಗುರುತೂ ಹಾಕಿದೆ. ಡ್ರಿಲ್ ಮೆಷಿನ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ನನ್ನ ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ತೂತು ಹೊಡೀಬಾರದು ಅಂದಿದ್ರಲ್ಲ ಅವರು?”

“ಅಡಿಯಲ್ಲಿ ಯಾರಿಗೆ ಕಾಣುತ್ತೆ ಮಾರಾಯ್ತಿ.”

“ಅವರಿಗೆ ಕಾಣಲ್ಲ, ನಿಜ. ಆದ್ರೆ ನೀವು ಇನ್ನು ಹತ್ತು ವರ್ಷ ಅಮ್ಮ ಪೆಟ್ಟಿಗೆ ಎತ್ತಿ ನೋಡಿದ್ರೆ, ಎತ್ತಿ ನೋಡಿದ್ರೆ ಅಂತ ಕನವರಿಸ್ತೀರಿ. ಕೇಳ್ಕೊಂಡು ಕೂರೋಳು ನಾನು.”

ಡಬ್ಬಿ ಇಟ್ಟು ಹೊರಟಳು. ಡ್ರಿಲ್‌ನ ಪ್ಲಗ್ ಕಿತ್ತೆ. ಪೆನ್ಸಿಲ್ ಗುರುತು ಅಳಿಸಿದೆ. ಊಟ ಸೇರಲಿಲ್ಲ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಭದ್ರಾವತಿಗೆ ಹೊರಟೆ. ಇಂಥದ್ದನ್ನು ಫೋನಿನಲ್ಲಿ ಕೇಳಲು ಧೈರ್ಯ ಸಾಲದು. ಎದುರಿಗೆ ಕೇಳಲೂ ಸಾಲದು, ಆದರೆ ಎದುರಿಗೆ ಹೋದರೆ ಕಾಫಿಯಾದರೂ ಸಿಗುತ್ತದೆ.

ಮೇಡಂ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಅಮ್ಮ ಒಬ್ಬರೇ ಇದ್ದರು. ಬಿಸಿಯ ಸಂಗತಿ, ಊದುಬತ್ತಿಯ ಸಂಗತಿ ಎಲ್ಲ ಹೇಳಿದೆ. ಒಂದೋ ತೂತು ಹೊಡೆಯಬೇಕು, ಇಲ್ಲವೇ ಬಾಯಿ ತೆಗೆಯಬೇಕು. ನಿಮ್ಮ ಎರಡೂ ಷರತ್ತು ಉಳಿಸಲು ನನ್ನಿಂದಾಗುತ್ತಿಲ್ಲ, ಬೇಡವೆಂದರೆ ಇದ್ದ ಹಾಗೇ ಜೋಡಿಸಿ ತಂದುಕೊಡುತ್ತೇನೆ ಅಂದೆ. ಕೊನೆಯ ಮಾತು ಹೇಳುವಾಗ ಆ ಅರ್ಧ ಪುಸ್ತಕ ನೆನಪಾಗಿ ದನಿ ಸಣ್ಣದಾಯಿತು.

ಅಮ್ಮ ಕೇಳಿದರು, “ಈ ಗೋಡೆ ನೋಡಿದ್ಯಾ?”

ನೋಡಿದೆ. ಮೊಳೆ, ಕೊಕ್ಕೆ, ಕೊಕ್ಕೆ ಕಿತ್ತ ಗುರುತು, ಸಿಮೆಂಟು ಮೆತ್ತಿ ಮುಚ್ಚಿದ ಗುರುತು.

“ನಮ್ಮ ಯಜಮಾನ್ರ ಕೈಗೆ ಡ್ರಿಲ್ ಸಿಕ್ಕಿದ್ರೆ ಮುಗೀತು. ಕ್ಯಾಲೆಂಡರ್‌ಗೊಂದು, ಛತ್ರಿಗೊಂದು, ಸೌಟಿಗೊಂದು. ಬಾಗಿಲಿಗೆ, ಕಪಾಟಿಗೆ, ಕಡೆಗೆ ನನ್ನ ಟ್ರಂಕಿಗೂ. ಮನೆ ಜರಡಿ ಮಾಡಿಟ್ರು. ರೇಡಿಯೋ ತಂದ ದಿನ ಇದನ್ನ ಮಾತ್ರ ಮುಟ್ಟಬೇಡಿ ಅಂದೆ. ಮುಟ್ಟಲಿಲ್ಲ. ನನ್ನ ಮಾತು ಅಂತ ಅವರು ಕೇಳಿದ್ದು ಅದೊಂದೇ.” ಕೊಕ್ಕೆ ಕಿತ್ತ ಗುರುತೊಂದಕ್ಕೆ ಬೆರಳಿಟ್ಟರು. “ಅವರೇ ಹೊಡೀದೇ ಬಿಟ್ಟ ತೂತನ್ನ ನಿನ್ನ ಕೈಲಿ ಹೊಡೆಸ್ಲಾ?”

“ಬೇಡಮ್ಮ.”

“ಬಾಯಿ ತೆಗಿ.”

“ನಿಮಗೆ ಅದರಿಂದ ಕೇಳಬೇಕು ಅಂತ ಇತ್ತಲ್ಲ.”

“ಇತ್ತು. ಮಗಳ ದನಿ ದಿನಾ ಬೈಗುಳದಲ್ಲೇ ಕೇಳ್ತೀನಿ, ಸಾಕು. ಆ ಮಕ್ಕಳಿಗೆ ಕೇಳ್ಬೇಕಾದ್ದು. ತೆಗಿ ಮಾರಾಯ, ನಿನ್ನ ಮುಖ ನೋಡಕ್ಕಾಗಲ್ಲ. ಕಾಫಿ ಕುಡೀತೀಯಾ?”

ಪೆನ್ಸಿಲ್ ಗುರುತಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಕಾಫಿಯ ಜೊತೆ ನುಂಗಿದೆ.

ಮರುದಿನ ಸ್ಪೀಕರ್ ಇಳಿಸಿದೆ. ಅದರ ಹಿಂದೆ ಬಟ್ಟೆಗೆ ಧೂಳು ಕಂಬಳಿಯಂತೆ ಹಿಡಿದಿತ್ತು. ತೊಳೆದರೆ ಕುಗ್ಗಬಹುದು, ಕೊಡವಿದರೆ ಹರಿಯಬಹುದು. ಮಗುವಿನ ತಲೆ ಬಾಚುವ ಮೆತ್ತನೆಯ ಬ್ರಶ್ಶಿನಿಂದ ಒಳಬದಿಯಿಂದಲೇ ಒಂದೊಂದು ಅಂಗೈ ಜಾಗ ಬಾಚಿದೆ, ಉಸಿರು ಬಿಗಿಹಿಡಿದು. ಇದ್ದ ಫ್ಯಾನು ತೆಗೆದು, ಅದೇ ಮೂಲೆಗೆ ಇನ್ನೂ ದೊಡ್ಡದು, ನಿಧಾನ ತಿರುಗುವಂಥದ್ದು ಹಾಕಿದೆ. ಕೆಳಗೆ ಮರ ನಡುಗದಂತೆ ರಬ್ಬರ್ ಕೊಟ್ಟೆ. ಫ್ಯಾನಿನ ತಂತಿಯ ಜಾಲರಿ ಗಾಳಿಗೆ ಸುಯ್ ಅನ್ನುತ್ತಿತ್ತು, ಅದನ್ನೂ ಬಿಚ್ಚಿ ಎಸೆದೆ. ಹಿಂಬದಿ ಹಲಗೆಯ ಮೇಲ್ಭಾಗದ ಸೀಳುಗಳಿಗೆ ಒಳಗಿನಿಂದ ರಟ್ಟು ಮುಚ್ಚಿ, ಫ್ಯಾನಿನ ಎದುರಿನವನ್ನು ಮಾತ್ರ ತೆರೆದಿಟ್ಟೆ. ಅಮ್ಮನ ಆಸೆಗೆಂದು ಅಂಗೈಯಗಲದ ಹೊಸ ಸ್ಪೀಕರ್ ಒಂದನ್ನು ಗಾಜಿನ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದೆ. ಅಷ್ಟು ಜಾಗ ಗಾಳಿಗೆ ಅಡ್ಡಿಯಿರಲಿಲ್ಲ.

ಊದುಬತ್ತಿ ಹಚ್ಚಿದೆ. ಹೊಗೆ ಹಿಂದಿನಿಂದ ಒಳಹೋಯಿತು. ಸ್ವಲ್ಪ ಹೊತ್ತಿಗೆ ಮುಂದಿನ ಬಟ್ಟೆಯ ತುಂಬ ತೆಳ್ಳಗೆ, ಸ್ನಾನ ಮಾಡಿ ಬಂದವರ ಮೈಯಿಂದ ಆವಿ ಏಳುವಂತೆ ಹೊರಬಂತು. ಉಷ್ಣ ಅರವತ್ತರ ಆಸುಪಾಸಿನಲ್ಲಿ ನಿಂತಿತು. ಕಿವಿಯನ್ನು ಪೆಟ್ಟಿಗೆಗೆ ಒತ್ತಿದರೂ ಸದ್ದಿಲ್ಲ. ಕೆಟ್ಟುಹೋಗಿರಬೇಕೆಂದು ಪರದೆ ನೋಡಿದೆ. ನಡೆಯುತ್ತಿತ್ತು.

ಅಮ್ಮನ ಅಪ್ಪಣೆ ಬಂತು: ಆಯುಧಪೂಜೆಯ ದಿನವೇ ತರಬೇಕು. ನಾನು ಕಂಪ್ಯೂಟರ್ ರಿಪೇರಿಯವನು. ಆಯುಧಪೂಜೆಯ ಮಾರನೆಯ ದಿನ ನನ್ನ ಅಂಗಡಿಗೆ ಏನೇನು ಬರುತ್ತದೆಂದು ಬಲ್ಲೆ. ಕೀಬೋರ್ಡಿನೊಳಗೆ ಕುಂಕುಮ, ಪ್ರಿಂಟರಿನೊಳಗೆ ಚೆಂಡುಹೂವಿನ ಎಸಳು, ಒಮ್ಮೆ ಎಳನೀರು ಕುಡಿದ ಲ್ಯಾಪ್‌ಟಾಪ್.

ಆದ್ದರಿಂದ ಅವತ್ತು ನಾನು ಪುರೋಹಿತನಿಗಿಂತ ಹೆಚ್ಚು ನಿಷ್ಠೆಯಿಂದ ನಡೆದುಕೊಂಡೆ. ರೇಡಿಯೋವನ್ನು ಹಲಗೆಯ ಮೇಲೆ ಕೂರಿಸಿ, ಗಾಳಿಗೆಂದು ಹಿಂಬದಿಗೆ ನಾಲ್ಕು ಬೆರಳು ಸಂದು ಬಿಡಿಸಿದೆ. ಅರಿಶಿನ ಕುಂಕುಮ ಗುಂಡಿಗೆ ಮಾತ್ರ ಅಂದೆ. ಹೂವಿನ ಹಾರ ಮುಂದಿನ ಬಟ್ಟೆಗೆ ಅಡ್ಡ ಬರದಂತೆ ಮೇಲೆ ಸುತ್ತಿಸಿದೆ. ಕರ್ಪೂರದ ತಟ್ಟೆಯನ್ನು ಮೊಳ ದೂರ ಹಿಡಿಸಿದೆ. ತೆಂಗಿನಕಾಯಿ ಹೊಸ್ತಿಲ ಆಚೆ ಒಡೆಸಿದೆ. ನಿಂಬೆಹಣ್ಣು ಬೇಡವೇ ಬೇಡ ಅಂದೆ.

“ಇವನು ಪೂಜೆ ಮಾಡಿಸ್ತಿದ್ದಾನೋ, ಪೊಲೀಸ್ ಬಂದೋಬಸ್ತೋ?” ಎಂದು ಅಮ್ಮ ಮಗಳನ್ನು ಕೇಳಿದರು.

“ಇರ್ಲಿ ಬಿಡಮ್ಮ, ಪಾಪ, ಬೆವರ್ತಿದ್ದಾರೆ.”

ಅಮ್ಮ ಎದ್ದು ಗುಂಡಿ ತಿರುಗಿಸಿದರು. ಟಕ್. ಗಾಜಿನ ಹಿಂದೆ ನಾನಿಟ್ಟಿದ್ದ ಹಳದಿ ದೀಪ ಹತ್ತಿತು, ಊರುಗಳ ಹೆಸರು ಮೂಡಿದವು. ಮೇಡಂ ಮೊದಲೇ ಓದಿಟ್ಟಿದ್ದ ಪಾಠವೊಂದನ್ನು ಹಾಕಿದರು. ಅಮ್ಮ ಗಾಜಿನ ಹತ್ತಿರ ಕಿವಿ ತಂದು ಕೇಳಿದರು. “ಬಾಯಿ ಸಣ್ಣದಾಯ್ತು. ಮಾತು ಸ್ಪಷ್ಟವಾಗಿದೆ” ಅಂದರು. ನನಗೆ ಅಷ್ಟು ಸಾಕಾಗಿತ್ತು.

“ಕಟ್ಟಿದೋನು ನೀನು. ಮೊದಲು ನೀನೇ ಅಕ್ಷತೆ ಹಾಕು.”

ಎಲ್ಲ ಆಪತ್ತು ದಾಟಿದ ಸಂತೋಷದಲ್ಲಿ ಬೊಗಸೆಯಲ್ಲಿ ಹಿಡಿದು, ಮದುವೆ ಮನೆಯಲ್ಲಿ ಹಾಕುವ ಹಾಗೆ, ಧಾರಾಳವಾಗಿ ಹಾಕಿದೆ.

ವಾರ ಕಳೆದಿರಬಹುದು, ಮೇಡಂ ಫೋನ್ ಮಾಡಿದರು. “ಸಾರ್, ಗಿರಣಿ ನಿಂತಿದೆ. ಹುಡುಗಿಗೆ ಖುಷಿ. ಆದ್ರೆ ಹಿಂದಿನಿಂದ ಏನೋ ಟಿಕ್ ಟಿಕ್ ಅಂತಿದೆಯಂತೆ. ಯಾರೋ ಬೆರಳಲ್ಲಿ ಮೇಜು ಬಡೀತಾ ಕೂತ ಹಾಗಿದೆ ಮೇಡಂ, ಯಾರಿಗೋ ನಿಮ್ಮ ಪಾಠ ಬೇಜಾರಾಗಿದೆ ಅಂತಾಳೆ. ನನಗೇನೂ ಕೇಳ್ತಿಲ್ಲ. ಅವಳಿಗೆ ಕೇಳುತ್ತೆ ಅಂದ್ರೆ ಇದ್ದೇ ಇರುತ್ತೆ. ಓದೋದು ನಿಲ್ಲಿಸಿದೀನಿ, ಇನ್ನು ಐದು ಪಾಠ ಇದೆ.”

ಭದ್ರಾವತಿ ಮುಟ್ಟುವಷ್ಟರಲ್ಲಿ ಫ್ಯಾನಿನ ಬೇರಿಂಗ್ ಹೋಗಿತ್ತು, ಮದರ್‌ಬೋರ್ಡ್ ಬಾಗಿತ್ತು, ಕಾದ ಮರ ಬಿರುಕು ಬಿಡುತ್ತಿತ್ತು, ಎಲ್ಲ ನನ್ನ ತಲೆಯೊಳಗೆ. ಪೆಟ್ಟಿಗೆ ತಿರುಗಿಸಿ ಹಿಂಬದಿ ಹಲಗೆ ಬಿಚ್ಚಿ ಟಾರ್ಚು ಹಾಕಿದೆ. ಫ್ಯಾನಿನ ಚೌಕಟ್ಟಿನ ಒಳಅಂಚಿಗೆ ಒಂದು ಅಕ್ಕಿಕಾಳು ಅಂಟಿಕೊಂಡಿತ್ತು. ಅರಿಶಿನ, ತುಪ್ಪ ಸವರಿದ ಕಾಳು. ಫ್ಯಾನಿನ ಎಲೆಗಳು ತಿರುಗುತ್ತ ಒಂದೊಂದಾಗಿ ಅದರ ಮೂತಿ ಸವರಿಕೊಂಡು ಹೋಗುತ್ತಿದ್ದವು. ಗಾಳಿಗೆಂದು ನಾನೇ ಬಿಡಿಸಿದ ಸಂದಿನಲ್ಲಿ ಬಿದ್ದು, ಗೋಡೆಗೆ ಪುಟಿದು, ಸೀಳಿನಲ್ಲಿ ನುಗ್ಗಿ, ನಾನೇ ಬಿಚ್ಚಿ ಎಸೆದ ಜಾಲರಿಯ ಜಾಗದಲ್ಲಿ ಹಾದು, ಅದು ಒಳಗೆ ಬಂದು ಕೂತಿತ್ತು.

ಚಿಮಟದಿಂದ ಎತ್ತಿ ಅಂಗೈಯಲ್ಲಿಟ್ಟು ತೋರಿಸಿದೆ. ಮೇಡಂ ಬಾಯಿಗೆ ಸೆರಗು ಹಿಡಿದುಕೊಂಡರು.

“ಯಾರು ಹಾಕಿದ್ದು?” ಎಂದರು ಅಮ್ಮ, ಗೊತ್ತಿದ್ದೂ.

“ನಾನೇ ಅಮ್ಮ.”

ಕಸದ ಬುಟ್ಟಿಯ ಕಡೆ ತಿರುಗಿದೆ. ಅಮ್ಮ ಕೈ ಹಿಡಿದು ನಿಲ್ಲಿಸಿದರು. “ಅಕ್ಷತೆ ಎಸೀತಾರೇನಪ್ಪ? ಬಗ್ಗು.”

ಬಗ್ಗಿದೆ. ಕಾಳನ್ನು ನನ್ನ ತಲೆಯ ಮೇಲಿಟ್ಟರು. ಅದು ನಿಲ್ಲಲು ಅಲ್ಲಿ ಕೂದಲಿರಲಿಲ್ಲ. ಜಾರಿತು. ಬಗ್ಗಿದ ನನ್ನ ತಲೆಯ ಕೆಳಗೇ ರೇಡಿಯೋದ ಹಿಂಬದಿ ಇನ್ನೂ ತೆರೆದಿತ್ತು. ನಾನು ಎರಡೂ ಕೈ ಒಡ್ಡಿದೆ.